ಒಂದೇ ದಿನದ ಪ್ರಯಾಣದ ಪೂರ್ವಾಭ್ಯಾಸ

ಹೆದ್ದಾರಿ ಇಲಾಖೆಯಲ್ಲಿ ಪೂರ್ವಾಭ್ಯಾಸವಿಲ್ಲದೆ ಯಾವ ಕೆಲಸವನ್ನೂ ಮಾಡುವಂತಿಲ್ಲ. ಹಿಂದೊಮ್ಮೆ ಸೇತುವೆಯೊಂದರ ಉದ್ಘಾಟನೆಯಲ್ಲಿ ಕತ್ತರಿ ಮೊಂಡಾಗಿ, ಮುಖ್ಯ ಅತಿಥಿಗಳು ಟೇಪನ್ನು ಹಲ್ಲಿನಿಂದ ಕಚ್ಚಿ ಹರಿಯಬೇಕಾಗಿ ಬಂದಿತ್ತು. ಅಂದೇ ಸುತ್ತೋಲೆ ಹೊರಟಿತು. ಅಂದಿನಿಂದ ಇಲಾಖೆ ಪ್ರತಿಯೊಂದನ್ನೂ ಮೊದಲು ಒಂದು ಸಲ ಮಾಡಿ ನೋಡಿ ಆಮೇಲೆ ಮಾಡುತ್ತದೆ. ಬೀಳ್ಕೊಡುಗೆಗೆ ಪೂರ್ವಾಭ್ಯಾಸವಿದೆ. ಸಂತಾಪ ಸಭೆಗೂ ಇದೆ. ನಿವೃತ್ತ ಎಂಜಿನಿಯರರೊಬ್ಬರ ಸಂತಾಪ ಸಭೆಯ ಪೂರ್ವಾಭ್ಯಾಸಕ್ಕೆ ಅವರೇ ಖುದ್ದಾಗಿ ಬಂದು, ಮೌನಾಚರಣೆ ಸ್ವಲ್ಪ ಚುಟುಕಾಯಿತು ಎಂದು ಅಭಿಪ್ರಾಯ ತಿಳಿಸಿ, ಕಾಫಿ ಕುಡಿದು ಹೋದರು.

ಈ ಇಲಾಖೆಯಲ್ಲಿ ಒಬ್ಬ ಗುಮಾಸ್ತರಿದ್ದರು. ಯಾವ ಕಡತ ಬಂದರೂ ಅದರ ಮೇಲೆ ಅಚ್ಚುಕಟ್ಟಾಗಿ ಟಿಪ್ಪಣಿ ಬರೆಯುತ್ತಿದ್ದುದರಿಂದ ಅವರಿಗೆ ಟಿಪ್ಪಣಿ ಎಂದೇ ಹೆಸರು ಬಿದ್ದಿತ್ತು. ಮನೆಯಲ್ಲಿ ಹೆಂಡತಿ ಸಾರಿಗೆ ಉಪ್ಪು ಸಾಕಾ ಎಂದು ಕೇಳಿದರೂ, "ಪರಿಶೀಲಿಸಲಾಗಿ, ತುಸು ಕಡಿಮೆ ಇರುವುದು ಕಂಡುಬಂದಿದೆ" ಎನ್ನುತ್ತಿದ್ದರು. ಆಕೆಗೆ ಅಭ್ಯಾಸವಾಗಿ ಹೋಗಿತ್ತು. ಉಪ್ಪಿನ ಡಬ್ಬಿಯನ್ನು ಅವರ ಮುಂದೆ ತಳ್ಳಿ, "ಮಂಜೂರಾಗಿದೆ, ಹಾಕ್ಕೊಳ್ಳಿ" ಎನ್ನುತ್ತಿದ್ದಳು.

ಗುಮಾಸ್ತರಿಗೆ ಒಬ್ಬಳೇ ಅಕ್ಕ. ತಾಯಿ ಬೇಗ ತೀರಿಕೊಂಡಿದ್ದರಿಂದ ಅವರನ್ನು ಎತ್ತಿ ಆಡಿಸಿ ದೊಡ್ಡವರನ್ನಾಗಿ ಮಾಡಿದವಳು ಅವಳೇ. ಈಗ ಅವಳು ಮಗಳ ಜೊತೆ ಹೆದ್ದಾರಿಯ ಆ ತುದಿಯ ನಗರದಲ್ಲಿದ್ದಳು. ಮಂಡಿ ನೋವು ಹೆಚ್ಚಾಗಿ, ಕಿಟಕಿಯಿಂದ ಹಾಸಿಗೆಗೆ, ಹಾಸಿಗೆಯಿಂದ ಕಿಟಕಿಗೆ ಅವಳ ಓಡಾಟ ಮುಗಿಯುತ್ತಿತ್ತು. ಊರು ಬಿಡುವಾಗ ತನ್ನ ಹಳೆಯ ರೇಡಿಯೊವನ್ನು ಇಲ್ಲೇ ಮರೆತು ಹೋಗಿದ್ದಳು. ಅಡುಗೆಮನೆಯ ಗೂಡಿನಲ್ಲಿ ಅದನ್ನು ಹಾಡಿಸಿಕೊಂಡೇ ಅವಳು ತಮ್ಮನಿಗೆ ಊಟ ಕಲಸಿ ಬಾಯಿಗಿಟ್ಟದ್ದು. ಅದನ್ನು ರಿಪೇರಿ ಮಾಡಿಸಿ ತಂದುಕೊಡುತ್ತೇನೆಂದು ಗುಮಾಸ್ತರು ಮಾತು ಕೊಟ್ಟಿದ್ದರು. ರಿಪೇರಿಯೇನೋ ಆಯಿತು, ರಜೆ ಆಗಲಿಲ್ಲ. ಅರ್ಜಿ ಹಾಕಿದಾಗಲೆಲ್ಲ, ಟಿಪ್ಪಣಿ ಬರೆಯಲು ಬದಲಿ ವ್ಯಕ್ತಿ ಇಲ್ಲದ ಕಾರಣ ಪರಿಗಣಿಸಲಾಗಿಲ್ಲ ಎಂದು ವಾಪಸು ಬರುತ್ತಿತ್ತು. ಆ ಟಿಪ್ಪಣಿಯನ್ನು ಬರೆಯಬೇಕಾದವರೂ ಅವರೇ.

ಇಂಥ ಹೊತ್ತಿನಲ್ಲಿ ಎರಡು ನಗರಗಳ ನಡುವಿನ ಹೊಸ ಹೆದ್ದಾರಿ ಮುಗಿಯಿತು. ಉದ್ದಕ್ಕೂ 'ಒಂದೇ ದಿನದಲ್ಲಿ ತಲುಪಿರಿ' ಎಂಬ ಫಲಕಗಳು ಎದ್ದು ನಿಂತವು. ಯಾವ ಗ್ರಹದ ದಿನ ಎಂಬುದನ್ನು ಇಲಾಖೆ ಸ್ಪಷ್ಟಪಡಿಸಬೇಕು ಎಂದು ಪತ್ರಿಕೆಯೊಂದು ಬರೆಯಿತು. ನಿರ್ದೇಶಕರಿಗೆ ರೇಗಿತು. ಸೂರ್ಯೋದಯಕ್ಕೆ ಹೊರಟು ಸೂರ್ಯಾಸ್ತದೊಳಗೆ ಆ ನಗರವನ್ನು ಮುಟ್ಟಿ ತೋರಿಸುವುದೆಂದು ಆದೇಶ ಮಾಡಿದರು.

ಯೋಜನಾ ಸಭೆಗಳು ಶುರುವಾದವು. ಕಾರಿನಲ್ಲಿ ಯಾರು ಎಲ್ಲಿ ಕೂರಬೇಕೆಂಬುದಕ್ಕೇ ಒಂದು ವಾರ ಹಿಡಿಯಿತು. ಸಾಹೇಬರು ಹಿಂದೆ ಕೂತರೆ ರಸ್ತೆ ಕಾಣುವುದಿಲ್ಲ, ಮುಂದೆ ಕೂತರೆ ಸಾಹೇಬರಂತೆ ಕಾಣುವುದಿಲ್ಲ. ಕೊನೆಗೆ ಮುಂದಿನ ಸೀಟನ್ನೇ ಹಿಂದಿನ ಸೀಟೆಂದು ಪರಿಭಾವಿಸತಕ್ಕದ್ದು ಎಂದು ನಿರ್ಣಯವಾಯಿತು. ದಾರಿಯಲ್ಲಿ ಮೂತ್ರ ವಿಸರ್ಜನೆ ವೈಯಕ್ತಿಕವೋ ಸಾಮೂಹಿಕವೋ ಎಂಬ ಪ್ರಶ್ನೆಯನ್ನು ಲೆಕ್ಕಾಧಿಕಾರಿ ಎತ್ತಿದರು. ನಿರ್ದೇಶಕರಿಗೆ ಅಗತ್ಯ ಕಂಡುಬಂದಾಗ ಎಲ್ಲರಿಗೂ ಕಂಡುಬರತಕ್ಕದ್ದು ಎಂದು ತೀರ್ಮಾನಿಸಲಾಯಿತು. ದಾರಿಯುದ್ದಕ್ಕೂ ವರದಿ ಬರೆಯಲು ಒಬ್ಬರು ಬೇಕಲ್ಲ ಎಂಬ ಕಾರಣಕ್ಕೆ ಟಿಪ್ಪಣಿ ಗುಮಾಸ್ತರಿಗೂ ಒಂದು ಸೀಟು ಸಿಕ್ಕಿತು.

ಅಂದು ಸಂಜೆ ಗುಮಾಸ್ತರು ಮೆಟ್ಟಿಲನ್ನು ಎರಡೆರಡಾಗಿ ಹತ್ತಿ ಮನೆಗೆ ಬಂದರು. ರೇಡಿಯೊವನ್ನು ಕೆಳಗಿಳಿಸಿ ಒರೆಸಿ, ಅಕ್ಕನಿಗೆ ಫೋನು ಮಾಡಿ ಬರುತ್ತಿದ್ದೇನೆಂದರು. ಹೆಂಡತಿ ಮಾತ್ರ ಬಾಗಿಲಿಗೆ ಒರಗಿ ನಿಂತು ನೋಡುತ್ತಿದ್ದಳು.

"ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲೀಬೇಡಿ. ನಿಮ್ಮ ಆಫೀಸು ಮೊದಲು ಕಾರು ಸ್ಟಾರ್ಟ್ ಮಾಡ್ಲಿ."

"ಆದೇಶ ಆಗಿದೆ ಕಣೇ."

"ಆದೇಶ ಆಗೋದೇ ನಿಮ್ಮಲ್ಲಿ ಕಷ್ಟ ಇಲ್ಲದ ಕೆಲಸ" ಎಂದು ಅವಳು ಒಳಗೆ ಹೋದಳು.

ನಿಯಮದ ಪ್ರಕಾರ ಪೂರ್ವಾಭ್ಯಾಸ ನಡೆಯಬೇಕಿತ್ತು. ಆದರೆ ಪೆಟ್ರೋಲು ಮಂಜೂರಾಗಿದ್ದುದು ಪ್ರಯಾಣಕ್ಕೆ, ಪೂರ್ವಾಭ್ಯಾಸಕ್ಕಲ್ಲ. ಕಾರನ್ನು ಗೇಟಿನಾಚೆ ಒಯ್ದರೆ ಅದು ಪ್ರಯಾಣವಾಗುತ್ತದೆ. ಪೂರ್ವಾಭ್ಯಾಸವಿಲ್ಲದೆ ಪ್ರಯಾಣ ಮಾಡುವಂತಿಲ್ಲ. ಆದ್ದರಿಂದ ಪೂರ್ವಾಭ್ಯಾಸವನ್ನು ಸಭಾಂಗಣದಲ್ಲಿ, ಕುರ್ಚಿಗಳ ಮೇಲೆ ನಡೆಸುವುದೆಂದಾಯಿತು. ಅರೆಬರೆ ಅಭ್ಯಾಸ ಅಭ್ಯಾಸವೇ ಅಲ್ಲವಾದ್ದರಿಂದ ಬೆಳಗಿನಿಂದ ಸಂಜೆಯವರೆಗೆ ಪೂರ್ತಿ ಕೂರುವುದೆಂದೂ, ಸಾಮಾನುಗಳನ್ನು ನಿಜವಾದ ತೂಕದಲ್ಲಿ ತರತಕ್ಕದ್ದೆಂದೂ ಆಯಿತು. ಗುಮಾಸ್ತರು ರೇಡಿಯೊ ತಂದರು.

ನಾಲ್ಕು ಕುರ್ಚಿ ಹಾಕಲಾಯಿತು. ಚಾಲಕ ಕುಡಿಯುವ ನೀರಿನ ಡ್ರಮ್ಮಿನ ಮುಚ್ಚಳವನ್ನು ಸ್ಟೀರಿಂಗಾಗಿ ಹಿಡಿದು ಕೂತ. ಅವನ ಪಕ್ಕದಲ್ಲಿ ನಿರ್ದೇಶಕರು, ಅಂದರೆ ಹಿಂದಿನ ಸೀಟಿನಲ್ಲಿ. ಅವರ ಬೆನ್ನಿಗೆ ಲೆಕ್ಕಾಧಿಕಾರಿ ಮತ್ತು ಗುಮಾಸ್ತರು. ಕುರ್ಚಿಗೆ ಡಿಕ್ಕಿ ಇಲ್ಲದ ಕಾರಣ ರೇಡಿಯೊ ಗುಮಾಸ್ತರ ತೊಡೆಯ ಮೇಲೆಯೇ ಪ್ರಯಾಣ ಮಾಡಿತು.

ಸೂರ್ಯೋದಯಕ್ಕೆ ಸರಿಯಾಗಿ ಹೊರಟರು. ಕಚೇರಿಯ ಕಾವಲುಗಾರ ಟೋಲ್ ಗೇಟಿನವನಾಗಿ ಬಾಗಿಲಲ್ಲಿ ನಿಂತಿದ್ದ. ಲೆಕ್ಕಾಧಿಕಾರಿ ವಿನಾಯಿತಿ ಪತ್ರ ತೋರಿಸಿದರೆ ಅವನು ಅದನ್ನು ತಿರುಗಿಸಿ ಮುರುಗಿಸಿ ನೋಡಿ, ಇದು ಕಾರಿಗೆ ಕೊಟ್ಟದ್ದು, ಕುರ್ಚಿಗಲ್ಲ ಎಂದ. ನಿರ್ದೇಶಕರು ಅವನ ಕರ್ತವ್ಯನಿಷ್ಠೆಯನ್ನು ಮೆಚ್ಚಿ, ಸುಂಕ ಕಟ್ಟುವಂತೆ ಗುಮಾಸ್ತರಿಗೆ ಸೂಚಿಸಿದರು. ಗುಮಾಸ್ತರು ಜೇಬಿಗೆ ಕೈ ಹಾಕಿದರು. ಅದು ಮಾತ್ರ ನಿಜವಾದ ದುಡ್ಡು.

ಬಯಲು ಸೀಮೆ ಬಂದಾಗ ಫ್ಯಾನನ್ನು ಜೋರು ಮಾಡಲಾಯಿತು. ತಿರುವುಗಳಲ್ಲಿ ನಾಲ್ವರೂ ಒಂದೇ ಕಡೆಗೆ ವಾಲಿದರು. ಮಧ್ಯಾಹ್ನದ ಊಟವಾದ ಮೇಲೆ ಕಾರು ಇದ್ದಕ್ಕಿದ್ದಂತೆ ನಿಧಾನವಾಯಿತು. ನಿರ್ದೇಶಕರು ಏನೆಂದು ವಿಚಾರಿಸಿದರು.

"ಮುಂದೆ ಲಾರಿ ಸಾರ್. ಸೈಡು ಕೊಡ್ತಿಲ್ಲ."

ನಿರ್ದೇಶಕರು ಕತ್ತು ಉದ್ದ ಮಾಡಿ ಗೋಡೆಯನ್ನು ನೋಡಿದರು. "ಹಾರ್ನ್ ಹೊಡಿ."

ಚಾಲಕ ಹೊಡೆದ. ಪಕ್ಕದ ವಿಭಾಗದಿಂದ ಒಬ್ಬರು ಬಂದು ಸದ್ದು ಕಡಿಮೆ ಮಾಡಬೇಕೆಂದು ಕೋರಿದರು. ಅವರನ್ನು ಹೆದ್ದಾರಿಯ ಮಧ್ಯೆ ನಿಲ್ಲಬಾರದೆಂದು ಎಚ್ಚರಿಸಿ ಕಳಿಸಲಾಯಿತು. ಲಾರಿ ಬಹಳ ಹೊತ್ತು ಬಿಡಲಿಲ್ಲ. ಆ ಹೊತ್ತಿನಲ್ಲಿ ಲೆಕ್ಕಾಧಿಕಾರಿ ಗೊರಕೆ ಹೊಡೆದರು, ಅದನ್ನೂ ಗುಮಾಸ್ತರು ವರದಿಯಲ್ಲಿ 'ಪ್ರಯಾಣ ಸುಖಕರ' ಎಂದು ದಾಖಲಿಸಿದರು.

ಹೊತ್ತು ಇಳಿಯುತ್ತಾ ಬಂತು. ಗುಮಾಸ್ತರು ಮೈಲಿಗಲ್ಲುಗಳನ್ನು ಒಂದೊಂದಾಗಿ ಓದುತ್ತಿದ್ದರು. ಆ ನಗರ ಹತ್ತಿರವಾದಂತೆ ಅವರ ಧ್ವನಿ ತಗ್ಗಿತು. ಕೆರೆ ಏರಿ, ಹಳೇ ಗಿರಣಿ, ಬಸ್ ನಿಲ್ದಾಣ. ನಿಲ್ದಾಣದ ಎಡಕ್ಕೆ ತಿರುಗಿದರೆ ಅಕ್ಕನ ಬೀದಿ. ಇದು ಅಭ್ಯಾಸ ಎಂಬುದು ಅವರಿಗೂ ಗೊತ್ತಿತ್ತು. ಆದರೂ ಬಾಯಿ ತಡೆಯಲಿಲ್ಲ.

"ಸಾರ್, ನಮ್ಮಕ್ಕನ ಮನೆ ಇದೇ ಬೀದೀಲಿದೆ. ಐದು ನಿಮಿಷ ನಿಲ್ಲಿಸಿದ್ರೆ ಇದನ್ನ ಕೊಟ್ಟು ಬಂದುಬಿಡ್ತೀನಿ."

ಚಾಲಕ ಬ್ರೇಕಿನ ಮೇಲೆ ಕಾಲಿಟ್ಟ. ನಿರ್ದೇಶಕರು ಗಡಿಯಾರ ನೋಡಿಕೊಂಡರು.

"ಈಗ ಬೇಡ ಟಿಪ್ಪಣಿ, ಹೊತ್ತು ಮುಳುಗ್ತಿದೆ. ನಿಜವಾಗಿ ಹೋಗ್ತೀವಲ್ಲ, ಆಗ ಅರ್ಧ ಗಂಟೆ ಬೇಕಾದ್ರೂ ಇರಿ. ನಾನೂ ಬರ್ತೀನಿ, ಅಕ್ಕನ ಕೈ ಕಾಫಿ ಕುಡಿಯೋಣ."

ಇಷ್ಟು ದೊಡ್ಡ ಮಾತು ಆ ಬಾಯಿಂದ ಬಂದದ್ದಕ್ಕೆ ಗುಮಾಸ್ತರಿಗೆ ಸಂತೋಷವೇ ಆಯಿತು. ಕಾರು ಅಕ್ಕನ ಬೀದಿಯನ್ನು ದಾಟಿ ಹೋಯಿತು.

ಸೂರ್ಯ ಮುಳುಗುವ ಮೊದಲೇ ಗುರಿ ತಲುಪಿದರು. ದಾರಿಫಲಕಗಳನ್ನು ಮಾಡಿಸುವುದು ಈ ಇಲಾಖೆಯೇ ಆದ್ದರಿಂದ ಆ ನಗರದ ಸ್ವಾಗತ ಫಲಕ ಉಗ್ರಾಣದಲ್ಲಿಯೇ ಇತ್ತು. ಅದನ್ನು ಕಚೇರಿಯ ಹಿತ್ತಿಲಿನಲ್ಲಿ, ತೊಳೆದು ನಿಲ್ಲಿಸಿದ್ದ ಕಾರಿನ ಪಕ್ಕ ನೆಟ್ಟು, ಫೋಟೋ ತೆಗೆಯುವುದರ ಪೂರ್ವಾಭ್ಯಾಸವನ್ನೂ ಮುಗಿಸಲಾಯಿತು. ಎಲ್ಲರೂ ಕೈ ಬೀಸಿದರು. ಗುಮಾಸ್ತರ ಕಂಕುಳಲ್ಲಿ ರೇಡಿಯೊ ಇತ್ತು.

ಮರುದಿನ ಲೆಕ್ಕಾಧಿಕಾರಿ ಒಂದು ಮಹತ್ವದ ಅಂಶವನ್ನು ಗಮನಕ್ಕೆ ತಂದರು. ಪ್ರಯಾಣದ ಉದ್ದೇಶ ಒಂದೇ ದಿನದಲ್ಲಿ ತಲುಪಬಹುದೆಂದು ತೋರಿಸುವುದು. ತೋರಿಸಿಯಾಗಿದೆ. ತೋರಿಸಿದ್ದನ್ನೇ ಮತ್ತೆ ತೋರಿಸುವುದು ದುಂದುವೆಚ್ಚ. ನಿರ್ದೇಶಕರು ಗುಮಾಸ್ತರನ್ನು ಕರೆಸಿ, ಪ್ರಯಾಣ ಯಶಸ್ವಿಯಾದ ಬಗ್ಗೆ ಟಿಪ್ಪಣಿ ಬರೆಯಲು ಹೇಳಿದರು.

"ಆದ್ರೆ ಸಾರ್, ನಾವು ಹೋಗಲೇ ಇಲ್ಲವಲ್ಲ."

"ಹಾಗಂತ ಬರೀರಿ, ನನ್ನದೇನೂ ಅಭ್ಯಂತರ ಇಲ್ಲ" ಎಂದರು ನಿರ್ದೇಶಕರು ಮೃದುವಾಗಿ. "ಆದ್ರೆ ನಿನ್ನೆ ಹಾಜರಿ ಪುಸ್ತಕದಲ್ಲಿ ನೀವು ಪ್ರವಾಸದಲ್ಲಿದ್ದೀರಿ. ಪ್ರವಾಸಕ್ಕೂ ಹೋಗಿಲ್ಲ, ಕಚೇರೀಲೂ ಇಲ್ಲ ಅಂದ್ರೆ ಇಡೀ ದಿನ ಎಲ್ಲಿದ್ರಿ ಅಂತ ಕೇಳ್ತಾರೆ. ಏನು ಹೇಳ್ತೀರಿ?"

ಗುಮಾಸ್ತರು ಪೆನ್ನಿನ ಮುಚ್ಚಳ ತೆಗೆದರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲವೆಂದು ಮನಸ್ಸು ಕುಟುಕುತ್ತಿದ್ದರೂ ಕೈ ತನ್ನಷ್ಟಕ್ಕೆ ತಾನು ಬರೆಯಿತು. ಟಿಪ್ಪಣಿ ಎಂದಿನಂತೆ ಅಚ್ಚುಕಟ್ಟಾಗಿ ಬಂತು. ಮಂಜೂರಾದ ಪೆಟ್ರೋಲು ಪೂರ್ತಿ ಬಳಕೆಯಾಗಿದೆ ಎಂಬ ವಾಕ್ಯವೂ ಅದರಲ್ಲಿತ್ತು. ಆ ತಿಂಗಳು ಕರೆಂಟು ಹೋದಾಗಲೆಲ್ಲ ನಿರ್ದೇಶಕರ ಬೀದಿಯಲ್ಲಿ ಅವರ ಮನೆಯೊಂದೇ ಬೆಳಗುತ್ತಿತ್ತು. ಅವರ ಜನರೇಟರು ಬಹಳ ದಕ್ಷವಾದದ್ದೆಂದು ನೆರೆಹೊರೆಯವರು ಕೊಂಡಾಡಿದರು.

ಸುದ್ದಿ ಫೋಟೋದೊಂದಿಗೆ ಎರಡೂ ನಗರಗಳ ಪತ್ರಿಕೆಗಳಲ್ಲಿ ಬಂತು. ಗ್ರಹದ ವಿಷಯ ಎತ್ತಿದ್ದ ಪತ್ರಿಕೆ ವಿಷಾದ ವ್ಯಕ್ತಪಡಿಸಿತು. ಗುಮಾಸ್ತರು ಕೊನೆಯ ಪ್ರಯತ್ನವಾಗಿ ಒಂದು ರಜೆ ಅರ್ಜಿ ಹಾಕಿದರು. ಅರ್ಜಿದಾರರು ಸದರಿ ನಗರಕ್ಕೆ ಇತ್ತೀಚೆಗಷ್ಟೇ ಭೇಟಿ ನೀಡಿರುವುದರಿಂದ ಅಗತ್ಯ ಕಂಡುಬರುವುದಿಲ್ಲ ಎಂದು ಅದು ಮರಳಿತು. ಕಾರಣ ಈ ಸಲ ಹೊಸದಾಗಿತ್ತು.

ಅಷ್ಟರಲ್ಲಿ ಕೇಂದ್ರ ಕಚೇರಿಯಿಂದ ಒಂದು ಆಕ್ಷೇಪಣೆ ಬಂತು. ವಾಹನ ಆ ನಗರ ಪ್ರವೇಶಿಸಿದ್ದನ್ನು ಅಲ್ಲಿನ ಯಾರಾದರೂ ಕಂಡಿದ್ದಾರೆಯೇ? ಕಂಡಿಲ್ಲವಾದಲ್ಲಿ ವರದಿ ಬರೆದವರು ಉತ್ತರಿಸತಕ್ಕದ್ದು. ನಿರ್ದೇಶಕರು ಆ ಪತ್ರವನ್ನು ಓದಿ, ತುಂಬಾ ನ್ಯಾಯವಾದ ಪ್ರಶ್ನೆ ಎಂದು ಹೇಳಿ, ಗುಮಾಸ್ತರ ಮೇಜಿಗೆ ಸರಿಸಿದರು.

ಅಂದು ಗುಮಾಸ್ತರು ತಲೆ ಮೇಲೆ ಕೈ ಹೊತ್ತು ಮನೆಯಲ್ಲಿ ಕೂತಿದ್ದಾಗ ಅಕ್ಕನ ಫೋನು ಬಂತು.

"ಊರಿಗೆ ಬಂದಿದ್ಯಂತೆ."

ಗುಮಾಸ್ತರು ಫೋನನ್ನು ಇನ್ನೊಂದು ಕಿವಿಗೆ ಬದಲಿಸಿಕೊಂಡರು.

"ಪೇಪರಲ್ಲಿ ನೋಡ್ದೆ. ರೇಡಿಯೊ ಕಂಕುಳಲ್ಲಿ ಇಟ್ಕೊಂಡು ನಿಂತಿದೀಯ. ನಮ್ಮ ಬೀದಿ ಮೇಲೇ ಹೋದ್ರೇನೋ?"

ನಿಜ ಹೇಳಿಬಿಡಬೇಕೆಂದು ಗುಮಾಸ್ತರು ಬಾಯಿ ತೆರೆದರು. ನಿಜವೇನೆಂದು ಯೋಚಿಸಿದರೆ, ಬೀದಿಯ ಹತ್ತಿರ ಬಂದದ್ದು, ನಿಲ್ಲಿಸಿ ಎಂದು ಕೇಳಿದ್ದು, ಸಾಹೇಬರು ಬೇಡವೆಂದದ್ದು, ದಾಟಿ ಹೋದದ್ದು, ಎಲ್ಲವೂ ನಡೆದೇ ಇತ್ತು.

"ಹೂಂ ಅಕ್ಕ" ಎಂದರು. "ನಿಲ್ಲಿಸಿ ಅಂತ ಕೇಳ್ದೆ. ಹೊತ್ತಾಯ್ತು ಅಂದ್ರು."

ಆ ಕಡೆ ಅಕ್ಕ ಮೂಗೊರೆಸಿಕೊಂಡದ್ದು ಕೇಳಿಸಿತು.

"ಹೋಗ್ಲಿ ಬಿಡು. ನಾನು ನೋಡ್ದೆ ಕಣೋ. ನೀನು ಬರ್ತೀನಿ ಅಂದಾಗಿನಿಂದ ದಿನಾ ಕಿಟಕೀಲೇ ಕೂತಿರ್ತಿದ್ನಲ್ಲ. ಸಂಜೆ ಹೊತ್ತು, ಬಿಳೀ ಕಾರು. ಹಿಂದಿನ ಸೀಟಲ್ಲಿ ನಿನ್ನ ತಲೆ ಕಾಣ್ತು. ಕೂದಲೆಲ್ಲ ಉದುರಿಸ್ಕೊಂಡಿದೀಯ."

ಗುಮಾಸ್ತರು ತಲೆ ಮುಟ್ಟಿ ನೋಡಿಕೊಂಡರು. ಅಕ್ಕ ಹೇಳಿದ್ದು ಸರಿಯಾಗಿತ್ತು.

"ಕೈ ಬೀಸ್ದೆ" ಎಂದಳು ಅಕ್ಕ. "ನೀನು ನೋಡ್ಲಿಲ್ಲ."

"ನೋಡ್ದೆ ಅಕ್ಕ" ಎಂದರು ಗುಮಾಸ್ತರು.

ಮರುದಿನ ಅವರು ಕೇಂದ್ರ ಕಚೇರಿಗೆ ಉತ್ತರ ಬರೆದರು. ಸದರಿ ವಾಹನವು ನಗರ ಪ್ರವೇಶಿಸಿದ್ದನ್ನು ಸ್ಥಳೀಯ ಹಿರಿಯ ಮಹಿಳೆಯೊಬ್ಬರು ತಮ್ಮ ಕಿಟಕಿಯಿಂದ ಕಣ್ಣಾರೆ ಕಂಡು ಕೈ ಬೀಸಿರುತ್ತಾರೆ. ಆಕ್ಷೇಪಣೆ ಮುಕ್ತಾಯವಾಯಿತು. ನಿರ್ದೇಶಕರಿಗೆ ಎಷ್ಟು ಹಿಗ್ಗಾಯಿತೆಂದರೆ, ಆ ಮಹಿಳೆಗೆ ಇಲಾಖೆಯ ವತಿಯಿಂದ ಪ್ರಶಂಸಾ ಪತ್ರ ನೀಡುವುದೆಂದೂ, ಅದನ್ನು ಟಿಪ್ಪಣಿ ಗುಮಾಸ್ತರೇ ಖುದ್ದಾಗಿ ಕಾರಿನಲ್ಲಿ ಹೋಗಿ ಅವರ ಕೈಗೆ ಕೊಡತಕ್ಕದ್ದೆಂದೂ ಅಲ್ಲೇ ಆದೇಶ ಮಾಡಿದರು. ಪೂರ್ವಾಭ್ಯಾಸ ಸೋಮವಾರ, ಸಭಾಂಗಣದಲ್ಲಿ. ಹಿರಿಯ ಮಹಿಳೆಯ ಸ್ಥಾನದಲ್ಲಿ ಕಿಟಕಿಯ ಬಳಿ ಟೈಪಿಸ್ಟರು ಕೂರತಕ್ಕದ್ದು.

ಸೋಮವಾರ ಬೆಳಿಗ್ಗೆ ಗುಮಾಸ್ತರು ಕಾಲರು ಗಟ್ಟಿಯಿದ್ದ ಅಂಗಿ ಹಾಕಿಕೊಂಡು, ರೇಡಿಯೊಗೆ ಹೊಸ ಬ್ಯಾಟರಿ ತುಂಬಿ, ತಲೆಯನ್ನು ಎರಡೆರಡು ಸಲ ಬಾಚಿಕೊಂಡರು. ಹೆಂಡತಿ ಬುತ್ತಿ ಕಟ್ಟಿಕೊಟ್ಟು ಬಾಗಿಲ ತನಕ ಬಂದಳು.

"ಈ ಸಲನಾದ್ರೂ ಬೀದಿ ಹತ್ತಿರ ಬಂದಾಗ ಗಟ್ಟಿಯಾಗಿ ಹೇಳಿ ನಿಲ್ಲಿಸಿ" ಎಂದಳು. "ಪಾಪ, ಅತ್ತಿಗೆ ಕಿಟಕೀಲಿ ಕಾಯ್ತಾ ಇರ್ತಾರೆ."