ನಾಲ್ಕು ಗುಂಡಿಯ ಮಿಕ್ಸರ್

ಒಂದು, ಎರಡು, ಮೂರು ಎಂಬ ಅಂಕಿಗಳನ್ನು ಕಂಡುಹಿಡಿದ ಮಹಾನುಭಾವ ಯಾರೋ ನನಗೆ ಗೊತ್ತಿಲ್ಲ. ಆದರೆ ಅವನು ಎಂದೂ ಭಜನಾ ಮೇಳ ಕಟ್ಟಿದವನಲ್ಲ ಎಂದು ಎಲ್ಲಿ ಬೇಕಾದರೂ ಆಣೆ ಮಾಡಿ ಹೇಳುತ್ತೇನೆ. ಸಿಂದಗಿಯ ನಮ್ಮ ಮೇಳದಲ್ಲಿ ಇದ್ದವರು ನಾಲ್ಕೇ ಜನ. ಹಾಡಲು ಸಂಗಣ್ಣ, ಹಾರ್ಮೋನಿಯಂಗೆ ಮಲ್ಲಪ್ಪ ಮಾಸ್ತರರು, ತಬಲಾಕ್ಕೆ ಖಾದರಸಾಹೇಬರು, ಮತ್ತು ಕಚೇರಿಯಲ್ಲಿ ಗುಮಾಸ್ತನಾಗಿ, ಹೊರಗೆ ಕಲಾವಿದನಾಗಿ ಬದುಕುತ್ತಿದ್ದ ನಾನು. ಒಮ್ಮೆ ಹ್ಯಾಂಡ್‌ಬಿಲ್ಲಿನಲ್ಲಿ ಸಂಗಣ್ಣನ ಹೆಸರು ಮೊದಲು ಬಂತೆಂದು ಮಾಸ್ತರರು ಎರಡು ತಿಂಗಳು ಮಾತು ಬಿಟ್ಟರು. ಮುಂದಿನ ಸಲ ನಾನು ಬಹಳ ತಲೆ ಓಡಿಸಿ ನಾಲ್ಕೂ ಹೆಸರನ್ನು ಚಕ್ರದ ಹಾಗೆ ದುಂಡಗೆ ಅಚ್ಚು ಹಾಕಿಸಿದೆ. ಖಾದರಸಾಹೇಬರು ಅದನ್ನು ತಿರುಗಿಸಿ ತಿರುಗಿಸಿ ನೋಡಿ, "ನನ್ನ ಹೆಸರ ತೆಳಗ ಮಾಡಿ ಹಾಕೀರಲ್ರಿ, ನಾ ಏನ್ ಬಾವ್ಯಾಗ ಬಿದ್ದೇನೇನು?" ಎಂದು ಕೇಳಿದರು.

ಇಂಥ ಮೇಳದೊಳಗೆ ನಾನು ಕರೆಂಟ್ ಪೆಟಗಿಯನ್ನು, ಅಂದರೆ ಕರೆಂಟಿನ ಮೇಲೆ ನುಡಿಯುವ ಹಾರ್ಮೋನಿಯಂ ಅನ್ನು, ತಂದು ಕೂಡಿಸಿದ್ದೆ. ಸೊಲ್ಲಾಪುರದ ಒಬ್ಬ ರೇಡಿಯೋ ಮೆಕ್ಯಾನಿಕ್ ಯಾವುದೋ ಪತ್ರಿಕೆಯ ನಕ್ಷೆ ನೋಡಿ ಮಾಡಿಕೊಟ್ಟದ್ದು. ಗಾಳಿ ಊದುವುದಿಲ್ಲ, ತಿದಿ ಒತ್ತುವುದಿಲ್ಲ. ಬಿಳಿ-ಕರಿ ಮನೆ ಒತ್ತಿದರೆ ತಂತಿಯಲ್ಲಿ ಸ್ವರ ಹರಿಯುತ್ತದೆ. ಅದಕ್ಕೆ ಒಂದು ಕೆಂಪು ದೀಪವಿದೆ, ಸ್ವಂತ ಬಾಯಿಲ್ಲ. ಮನೆಯ ರೇಡಿಯೋಕ್ಕೆ ಸಿಕ್ಕಿಸಿದರಷ್ಟೇ ಸದ್ದು, ಅದೂ ತಬಲಾದ ಮುಂದೆ ನುಸಿ ಗುಂಯ್ಗುಟ್ಟಿದಷ್ಟು. ಹಲಸಂಗಿಯಿಂದ ಬಂದಿದ್ದ ನನ್ನ ಮಾವ ಅರ್ಧ ಗಂಟೆ ಕಿವಿಗೊಟ್ಟು ಕೂತು, "ಅಳಿಯಂದ್ರ, ಇದು ಬಾರಸಾಕ ಐತೋ, ಬರೇ ಕೆಂಪು ದೀಪ ಹಚ್ಚಾಕ ಐತೋ?" ಎಂದರು. ಹೆಂಡತಿ ಒಳಗೆ ನಕ್ಕದ್ದು ನನಗೆ ಕೇಳಿಸಿತು. ಮೈ ಉರಿದುಹೋಯಿತು. "ಇಂಡಿ ಸಾಲಿ ಗ್ಯಾದರಿಂಗಿಗೆ ಬರ್ರಿ ಮಾವಾರ, ಕಡೀ ಸಾಲಿನ ತನಾ ಕೇಳಸ್ತೇನಿ" ಎಂದು ಪಂಥ ಕಟ್ಟಿಬಿಟ್ಟೆ.

ಪಂಥ ಗೆಲ್ಲಲು ಮಿಕ್ಸರ್ ಬೇಕಿತ್ತು. ನಾಲ್ಕೂ ಕಡೆಯ ಸದ್ದನ್ನು ಒಂದು ಡಬ್ಬಿಗೆ ತಂದು, ಯಾರದನ್ನು ಎಷ್ಟು ಬೇಕೋ ಅಷ್ಟು ಏರಿಸಿ ಇಳಿಸಿ, ಧ್ವನಿವರ್ಧಕದ ಒಂದೇ ಕರ್ಣೆಗೆ ಕಳಿಸುವ ಯಂತ್ರ. ಸೊಲ್ಲಾಪುರಕ್ಕೆ ಹೋದೆ. ಮೆಕ್ಯಾನಿಕ್ ಎರಡು ಡಬ್ಬಿ ತೋರಿಸಿದ. ಆರಿಸುವುದಕ್ಕೆ ನನ್ನದೇ ಒಂದು ಪದ್ಧತಿ ಇತ್ತು. ಅಂಗಡಿಯ ಸ್ಟೂಲಿನ ಮೇಲೆ ಕೂತು, ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು, ಸಿಂದಗಿ ಬಸ್ಸಿನಲ್ಲಿ ಕೂತಂತೆ ಮೇಲೆ ಕೆಳಗೆ ಕುಪ್ಪಳಿಸಿದೆ. ಕಂಪನಿಯ ಡಬ್ಬಿ ತೊಡೆ ಮುರಿಯುವಷ್ಟು ಭಾರ. ಅದಿರಲಿ, ಅದರ ಗುಂಡಿಗಳ ಮೇಲೆ ಒಂದು, ಎರಡು, ಮೂರು, ನಾಲ್ಕು ಎಂದು ಕೆತ್ತಿದ್ದರು! ಒಂದನೆಯದು ಯಾರಿಗೆ? ಇನ್ನೊಂದು ಮೆಕ್ಯಾನಿಕ್ ತಾನೇ ಮಾಡಿದ ತಗಡಿನ ಡಬ್ಬಿ. ಹಗುರ, ಚಿಕ್ಕದು, ನಾಲ್ಕೂ ಗುಂಡಿ ಒಂದೇ ನಮೂನೆ, ಅಂಕಿ ಎಂಬುದಿಲ್ಲ. "ಇದರಾಗ ಆವಾಜ್ ಸ್ವಲ್ಪ ಕಮ್ಮಿ ಸಾಫ್ ರೀ" ಎಂದು ಅವನೇ ಹೇಳಿದ. "ಇರಲಿ ಬಿಡ್ರಿ, ನಮ್ಮ ಮಂದಿ ಅದಕ್ಕಿಂತ ಕಮ್ಮಿ ಸಾಫ್ ಅದಾರ" ಎಂದು ಅದನ್ನೇ ತಂದೆ.

ಮೇಳದವರು ಮೊದಲ ಸಲ ಒಮ್ಮತದಿಂದ ಮೆಚ್ಚಿದರು. ಆದರೆ ಯಾರ ಗುಂಡಿ ಯಾವುದೆಂದು ತಿಳಿಯಬೇಕಲ್ಲ? ಗುರುತು ಹಾಕಿಕೊಂಡೆವು. ಮಾಸ್ತರರು ಹಣೆಯ ವಿಭೂತಿಯನ್ನೇ ಬೆರಳಿಗೆ ತೆಗೆದು ತಮ್ಮ ಗುಂಡಿಗೆ ಹಚ್ಚಿದರು. ಸಂಗಣ್ಣನದಕ್ಕೆ ಕುಂಕುಮ. ಖಾದರಸಾಹೇಬರು ಕಣ್ಣಿನ ಸುರ್ಮಾ ಹಚ್ಚಿದರು. ನನ್ನದಕ್ಕೆ ಅರಿಷಿಣ. ಮೂವರ ಮೈಕಿನ ಮತ್ತು ನನ್ನ ಪೆಟಗಿಯ ತಂತಿಗಳನ್ನು ಡಬ್ಬಿಯ ಹಿಂದೆ ಬೆಸುಗೆ ಹಾಕಿ, ನಾಲ್ಕನ್ನೂ ಒಂದೇ ಜಡೆಯಾಗಿ ಹೆಣೆದೆವು. ತಾಲೀಮು ಸುರಳೀತ ನಡೆಯಿತು. ನನ್ನ ಪೆಟಗಿಯ ಸದ್ದು ಓಣಿ ದಾಟಿತು. ಪಕ್ಕದ ಮನೆಯವರು ಬಂದು ಎಮ್ಮೆ ಹಾಲು ಕೊಡಲೊಲ್ಲದು ಎಂದು ಹೇಳಿಹೋದಾಗ ನನಗೆ ಆದ ಸಂತೋಷ ಅಷ್ಟಿಷ್ಟಲ್ಲ.

ಶಾಲೆಯ ಗ್ಯಾದರಿಂಗಿನ ಸಂಜೆ ಇಂಡಿಯಲ್ಲಿ ಕರೆಂಟು ಹೋಗಿತ್ತು. ಅದು ಬರುವುದಕ್ಕೂ ಹೆಡ್‌ಮಾಸ್ತರರು ನಮ್ಮನ್ನು ಕರೆಯುವುದಕ್ಕೂ ಸರಿಹೋಯಿತು. ಮುಂದಿನ ಸಾಲಿನಲ್ಲಿ ಪಟಕಾ ಸುತ್ತಿದ ಮಾವ, ಹೆಂಗಸರ ಕಡೆ ನನ್ನ ಹೆಂಡತಿ. ನಾನು ಗಂಟು ಬಿಚ್ಚಿ ಡಬ್ಬಿ ಹೊರಗೆ ತೆಗೆದೆ. ಅಯ್ಯೋ ಶಿವನೇ! ಡಬ್ಬಿ ಥಳಥಳ ಹೊಳೆಯುತ್ತಿತ್ತು. ನಾಲ್ಕೂ ಗುಂಡಿಗಳಿಗೆ ಮೂರೆಳೆ ವಿಭೂತಿ, ನಡುವೆ ಕುಂಕುಮದ ಬೊಟ್ಟು, ಒಂದಕ್ಕಿಂತ ಒಂದು ಲಕ್ಷಣ. ಸುರ್ಮಾ ಇಲ್ಲ, ಅರಿಷಿಣ ಇಲ್ಲ. ಬೆಳಿಗ್ಗೆ ನಾನು ಜಳಕಕ್ಕೆ ಹೋದಾಗ ನನ್ನ ಧರ್ಮಪತ್ನಿ ಡಬ್ಬಿಯನ್ನು ಒದ್ದೆ ಅರಿವೆಯಿಂದ ಒರೆಸಿ ಪೂಜೆ ಮಾಡಿದ್ದಳು. ನಾನು ದಿಕ್ಕೆಟ್ಟು ಅವಳ ಕಡೆ ನೋಡಿದರೆ, ಅವಳು ಡಬ್ಬಿಗೆ ಕೈಮುಗಿದು ಕೂತಿದ್ದಳು.

ಒಂದು ಗುಂಡಿ ತಿರುಗಿಸಿದೆ, ತಬಲಾ ಸಿಡಿಲು ಬಡಿದಂತೆ ಗುಡುಗಿತು. ಇನ್ನೊಂದನ್ನು ಏರಿಸಿದೆ, ಸಂಗಣ್ಣ ಗಂಟಲು ಸರಿಮಾಡಿಕೊಂಡದ್ದು ಊರಿಗೇ ಕೇಳಿಸಿತು. ಮೂರನೆಯದಕ್ಕೆ ಮಾಸ್ತರರ ಹಾರ್ಮೋನಿಯಂ. ಅಂದಮೇಲೆ ಉಳಿದದ್ದು ನನ್ನದೇ! ಕಡೀ ಸಾಲನ್ನು ನೆನೆದು ಪೂರ್ತಿ ತಿರುಗಿಸಿದೆ. ಕರ್ಣೆ 'ಝುಂಯ್' ಎಂದು ಹೂಂಕರಿಸಿತು. ಹೆಡ್‌ಮಾಸ್ತರರು ಕುರ್ಚಿಯಿಂದ ಎದ್ದರು, ಒಂದು ಕೂಸು ಚಿಟ್ಟನೆ ಚೀರಿತು, ಮಾವ ಪಟಕಾ ಎಳೆದು ಕಿವಿ ಮುಚ್ಚಿಕೊಂಡರು. ತಟ್ಟನೆ ಅದನ್ನು ಪೂರ್ತಿ ಇಳಿಸಿದೆ. ಮತ್ತೆ ಮುಟ್ಟುವ ಧೈರ್ಯ ಆಗಲಿಲ್ಲ. ಎರಡು ತಾಸು ಸದ್ದಿಲ್ಲದ ಪೆಟಗಿಯ ಮೇಲೆ ಬೆರಳಾಡಿಸಿದೆ. ಕಣ್ಣು ಮುಚ್ಚಿದೆ, ತಲೆ ತೂಗಿದೆ, ಮುಖದ ಬೆವರನ್ನೂ ಒರೆಸಿಕೊಂಡೆ. ಒಳಗೆ ಮಾತ್ರ ಅಳು ಬರುತ್ತಿತ್ತು.

ಮುಗಿದ ಮೇಲೆ ಮಾವ ವೇದಿಕೆಯ ಮೇಲಕ್ಕೆ ಬಂದರು. ತಲೆ ತಗ್ಗಿಸಿ ನಿಂತೆ. "ಭೇಷ್ ಅಳಿಯಂದ್ರ! ಸುರುವಿಗೆ ಜರಾ ಕಿವಿ ಹರೀತು, ಆಮ್ಯಾಲ ಭಾಳ ಛಂದ ಬಾರಿಸಿದ್ರಿ. ಒಬ್ಬರಿಗೂ ಅಡ್ಡ ಬರಲಿಲ್ಲ ನೋಡ್ರಿ!" ಎಂದರು. ಎಂದೂ ಹೊಗಳದ ಮಾಸ್ತರರು, "ಪೆಟಗಿ ಅಂದ್ರ ಹಿಂಗ ಹದಕ್ಕ ಇರಬೇಕ್ರಿ, ಇವತ್ತ ಕಲತ್ರಿ" ಎಂದು ಬೆನ್ನು ತಟ್ಟಿದರು. ಬಸ್ಸಿನಲ್ಲಿ ಹೆಂಡತಿ ಮೆಲ್ಲಗೆ, "ಹೊಸಾ ಸಾಮಾನ ಪೂಜಿ ಇಲ್ಲದ ಹೊರಗ ಒಯ್ಯಬಾರದ್ರಿ. ನಾ ಮಾಡಿದ್ದಕ್ಕ ಎಲ್ಲಾ ಛಲೋ ಆತು" ಎಂದಳು. ನಾನು ಕಿಟಕಿಯ ಕಡೆ ಮುಖ ಮಾಡಿ ಹೂಂ ಎಂದೆ.

ಮುಂದಿನ ತಿಂಗಳು ಮುದ್ದೇಬಿಹಾಳದಿಂದ ಕರೆ ಬಂತು. ಹ್ಯಾಂಡ್‌ಬಿಲ್ಲು ಅಚ್ಚಾಗಿ ಬಂದಾಗ ನೋಡುತ್ತೇನೆ, ನನ್ನ ಹೆಸರು ಎಲ್ಲಕ್ಕಿಂತ ಮೇಲೆ! ಮೂವರೂ ಕೂಡಿ, ಒಂದು ಮಾತೂ ಜಗಳವಿಲ್ಲದೆ, ಹಾಗೆ ಹಾಕಿಸಿದ್ದರಂತೆ. ನಿಜ ಹೇಳಿಬಿಡಬೇಕು ಅನಿಸಿತು. ಆಮೇಲೆ ಒಳಗೆ ಹೋಗಿ, ತಾಲೀಮಿಗೆಂದು ಮತ್ತೆ ಅರಿಷಿಣದ ಗುರುತು ಹಾಕಿದ್ದ ಡಬ್ಬಿಯನ್ನು ನಾನೇ ಕೈಯಾರೆ ತಂದು ಹೆಂಡತಿಯ ಮುಂದಿಟ್ಟು, "ಪೂಜಿ ಮಾಡು. ನಾಲ್ಕೂ ಗುಂಡಿಗೆ ಹಚ್ಚು, ಒಂದೂ ಬಿಡಬ್ಯಾಡ" ಎಂದೆ.