ಉಸಿರು ಕಟ್ಟಿದ್ದು ಯಾರಿಗೆ?

ಕಾರಿನ ಕಾಯಿಲೆ ಕಂಡುಹಿಡಿಯಲು ಒಂದು ಕಿವಿಯಿದ್ದರೆ ಸಾಕು ಎಂಬುದು ನನ್ನ ದೃಢ ನಂಬಿಕೆಯಾಗಿತ್ತು. ನನಗೋ ಎರಡಿದ್ದವು!

ಜೀವನ್ ಬಿಮಾ ನಗರದ ನಮ್ಮ ಮನೆಯ ಶೆಡ್ಡಿನಲ್ಲಿ ಮಾವನವರ ಕೆಂಪು ಸ್ಪೋರ್ಟ್ಸ್ ಕಾರಿತ್ತು. ಎರಡೇ ಸೀಟು, ಮೇಲೆ ಸೂರಿಲ್ಲ, ವಯಸ್ಸಿನಲ್ಲಿ ನನಗಿಂತ ಹಿರಿದು. ಅತ್ತೆಯವರು ಇದ್ದಾಗ ಇಬ್ಬರೂ ಭಾನುವಾರ ತಪ್ಪದೆ ಅದರಲ್ಲಿ ಹಲಸೂರು ಕೆರೆ ಸುತ್ತಿ ಬರುತ್ತಿದ್ದರಂತೆ. ಹೋದ ವರ್ಷದ ಹೊತ್ತಿಗೆ ಮಾವನವರ ಕಾಲಿಗೆ ಕ್ಲಚ್ ತುಳಿಯುವ ಶಕ್ತಿ ಉಳಿದಿರಲಿಲ್ಲ. ಗಾಡಿ ಮಾರಿದರು. ಕೊಂಡವರು ಬರುವ ಹಿಂದಿನ ದಿನ ನನ್ನ ಬಳಿ ಬಂದು, “ಅಳಿಯಂದಿರೇ, ಕೊನೇದಾಗಿ ಒಂದ್ಸಲ ಕೆರೆ ಸುತ್ತಿಸ್ತೀರಾ?” ಎಂದರು.

ಮಗಳನ್ನು ಕೊಟ್ಟ ದಿನದಿಂದ ಅವರು ನನ್ನನ್ನು ಏಕವಚನದಲ್ಲಿ ಕರೆದವರಲ್ಲ, ನನ್ನ ತಪ್ಪು ಎತ್ತಿ ಆಡಿದವರೂ ಅಲ್ಲ. ಅವರ ಪಾಲಿಗೆ ಅಳಿಯ ಅರ್ಧ ದೇವರು. ಇನ್ನರ್ಧ ಏನೆಂದು ನನ್ನ ಹೆಂಡತಿ ಸುಮಾ ಬಲ್ಲಳು.

“ರೀ, ಮೊದಲು ಮೆಕ್ಯಾನಿಕ್‌ಗೆ ತೋರಿಸಿ,” ಎಂದಳು.

“ನಾನಿದೀನಲ್ಲ!” ಎಂದೆ. ಆಯುಧಪೂಜೆಯ ದಿನ ಆ ಕಾರಿಗೆ ಮೂತಿಯಿಂದ ಪೆಟ್ರೋಲ್ ಟ್ಯಾಂಕಿನ ಮುಚ್ಚಳದವರೆಗೆ ಗಂಧ, ಅರಿಶಿನ, ಕುಂಕುಮ ಮೆತ್ತಿದ ಭಕ್ತ ನಾನು. ಇನ್ನು ಭಯವೇನು?

ಇಂದಿರಾನಗರ ತಲುಪುವಷ್ಟರಲ್ಲಿ ಇಂಜಿನ್ ಕೆಮ್ಮಿ ಸುಮ್ಮನಾಯಿತು. ಪೆಟ್ರೋಲ್ ಇದೆಯೇ ಎಂದು ಟ್ಯಾಂಕಿನ ಮುಚ್ಚಳ ತಿರುಗಿಸಿದೆ. ‘ಸುಯ್’ ಎಂದಿತು. ಪೆಟ್ರೋಲ್ ಬೇಕಾದಷ್ಟಿತ್ತು. ಮುಚ್ಚಳ ಹಾಕಿ, ಬಾನೆಟ್ ಎತ್ತಿ, ಸ್ಪ್ಯಾನರಿನಿಂದ ಪೆಟ್ರೋಲ್ ಪಂಪಿಗೆ ನಾಲ್ಕು ತಟ್ಟಿದೆ. ಸ್ಟಾರ್ಟ್!

“ಪಂಪು, ಮಾವ. ಸೋಮಾರಿ ಆಗಿತ್ತು.”

ಮೆಟ್ರೋ ಕಂಬಗಳ ಕೆಳಗೆ ಮತ್ತೆ ನಿಂತಿತು. ಮತ್ತೆ ಮುಚ್ಚಳ, ಮತ್ತೆ ಸುಯ್. ಈ ಸಲ ಪೈಪು ಬಿಚ್ಚಿ ಊದಿದೆ. ಬಾಯಿ ತುಂಬ ಪೆಟ್ರೋಲ್! ಆದರೂ ಸ್ಟಾರ್ಟ್!

“ಪೈಪಲ್ಲಿ ಕಸ, ಮಾವ,” ಎಂದು ಉಗುಳುತ್ತಲೇ ಘೋಷಿಸಿದೆ.

ಪಕ್ಕದ ಆಟೋದವನು ಇಣುಕಿ, “ಸೂಪರ್ ಗಾಡಿ ಗುರು! ಓಡ್ಸಕ್ಕಾ, ನಿಲ್ಸಕ್ಕಾ?” ಎಂದ. ಮುಂದೇನೋ ಮಜಾ ಇದೆಯೆಂದು ನಮ್ಮ ಹಿಂದೆಯೇ ಬಂದ.

ಇನ್ನೇನು ಕೆರೆ ಕಾಣಬೇಕು, ಮೂರನೆಯ ಸಲ ನಿಂತಿತು. ಮುಚ್ಚಳ ತೆಗೆದೆ. ಸುಯ್! ಮಾವ ತಗ್ಗಿನ ಸೀಟಿನಲ್ಲೇ ಕತ್ತು ಹೊರಳಿಸಿ, ನನ್ನ ಮನಸ್ಸು ನೋಯದಂತೆ ಬಹಳ ಮೆಲ್ಲಗೆ ಹೇಳಿದರು:

“ಉಸಿರು ಕಟ್ಟಿದೆ, ಅಳಿಯಂದಿರೇ.”

ಸ್ಪ್ಯಾನರ್ ಕೈಜಾರಿತು. “ಆಟೋ!” ಎಂದು ಕಿರುಚಿದೆ.

“ಅಯ್ಯೋ, ನನಗಲ್ಲ...”

“ಮಾತಾಡ್ಬೇಡಿ ಮಾವ! ಇರೋ ಉಸಿರೂ ಖರ್ಚಾಗತ್ತೆ!”

ಆಸ್ಪತ್ರೆಯಲ್ಲಿ ಅವರು ಬಾಯಿ ತೆರೆಯುವ ಮೊದಲೇ ಆಕ್ಸಿಜನ್ ಮಾಸ್ಕ್ ಹಾಕಿಸಿದೆ. “ವಯಸ್ಸಾಗಿದೆ, ರಾತ್ರಿ ಇಲ್ಲೇ ಇರ್ಲಿ,” ಎಂದರು ಡಾಕ್ಟರು. ಸಂಜೆ ಮಾಸ್ಕ್ ತೆಗೆದ ಮೇಲೆ ಮಾವ ಹೇಳಿದರು:

“ಉಸಿರು ಕಟ್ಟಿದ್ದು ಟ್ಯಾಂಕಿಗೆ. ಮುಚ್ಚಳದಲ್ಲಿ ಸಣ್ಣ ತೂತಿದೆ. ಗಾಳಿ ಒಳಗೆ ಹೋದ್ರೆ ತಾನೇ ಪೆಟ್ರೋಲ್ ಇಂಜಿನ್‌ಗೆ ಹೋಗೋದು? ನೀವು ಗಂಧ ಹಚ್ಚಿದ್ದು ಬಹಳ ಲಕ್ಷಣವಾಗಿತ್ತು. ಸ್ವಲ್ಪ ಧಾರಾಳ ಆಯ್ತು, ಅಷ್ಟೆ.” ಆಮೇಲೆ ಮಗುವಿನಂತೆ ಕೇಳಿದರು: “ಈಗ ಹೋಗೋಣವಾ?”

“ನಾಳೆ ಬಿಡ್ತಾರೆ, ಮಾವ.”

ರಾತ್ರಿ ರಸ್ತೆಬದಿಯಲ್ಲಿ ಬಿಟ್ಟುಬಂದಿದ್ದ ಕಾರಿನ ಬಳಿ ಹೋಗಿ, ಪೊರಕೆ ಕಡ್ಡಿಯಿಂದ ಆ ತೂತು ಬಿಡಿಸಿ ಮನೆಗೆ ತಂದೆ. ಎಲ್ಲೂ ನಿಲ್ಲಲಿಲ್ಲ. ಪಕ್ಕದ ಸೀಟು ಖಾಲಿಯಿತ್ತು. ಹೊರಟಾಗ ಕೆರೆ ಕೂಗಳತೆಯಲ್ಲೇ ಇತ್ತು; ಆ ಕಡೆ ನೋಡಲಿಲ್ಲ. ಬೆಳಿಗ್ಗೆ ಮಾವ ಮನೆಗೆ ಬರುವ ಮೊದಲೇ ಕಾರು ಹೋಗಿಯಾಗಿತ್ತು.

ಮುಂದಿನ ಭಾನುವಾರ ಅವರನ್ನು ಆಟೋದಲ್ಲಿ ಕೆರೆ ಸುತ್ತಿಸಿದೆ. ಬಹಳ ಹೊತ್ತು ತಲೆಯೆತ್ತಿ ಕೂತಿದ್ದರು. “ಕೆರೆ ಚೆನ್ನಾಗಿದೆ ಅಳಿಯಂದಿರೇ. ಆಕಾಶ ಮಾತ್ರ ರೆಕ್ಸಿನ್ ಆಗ್ಬಿಟ್ಟಿದೆ,” ಎಂದರು.

ಈ ವರ್ಷ ಆಯುಧಪೂಜೆಗೆ ಗಂಧದ ಬಟ್ಟಲು ಹಿಡಿದು ಸ್ಕೂಟರಿನತ್ತ ಹೊರಟೆ. ಸುಮಾ ಅಡ್ಡ ಬಂದಳು.

“ನಿಮ್ಮ ಹಣೆಗೆ ಎಷ್ಟು ಬೇಕಾದ್ರೂ ಹಚ್ಕೊಳ್ಳಿ ರೀ. ಅಲ್ಲಿ ಹೇಗೂ ಒಳಗೇನೂ ಹೋಗಲ್ಲ, ಹೊರಗೇನೂ ಬರಲ್ಲ!”

ಹಚ್ಚಿಕೊಂಡೆ. ಧಾರಾಳವಾಗಿಯೇ.