ಪುಟ ಇನ್ನೂರ ಹನ್ನೆರಡರಲ್ಲಿ ನನ್ನ ಗಂಡ ತೀರಿಕೊಂಡದ್ದು

ಶುಕ್ರವಾರ ಮಧ್ಯಾಹ್ನ ಮೂರು ಗಂಟೆ ಹನ್ನೆರಡು ನಿಮಿಷಕ್ಕೆ, ಒಂದು ತಲೆನೋವು ಕೂಡ ಇಲ್ಲದ ನನ್ನ ಗಂಡನನ್ನು ನಾನು ಕೊಂದೆ. ಬಳಸಿದ ಆಯುಧಗಳು ಎರಡು: ಒಂದು ಪ್ರೇಮ ಕಾದಂಬರಿ, ಒಂದು ಮೊಬೈಲು.

ಉದ್ದೇಶ ಒಳ್ಳೆಯದೇ ಇತ್ತು. ನಾನು ಎಂ.ಎ. ಮಾಡಿದವಳು. ಓದಿದ್ದನ್ನು ನಾಲ್ಕು ಜನರೊಂದಿಗೆ ಹಂಚಿಕೊಳ್ಳಬೇಕು ಎಂದು ನಂಬಿದವಳು. ನಮ್ಮದೊಂದು ಓದುಗಿಯರ ಗುಂಪಿದೆ. ಯಾವ ಕಾದಂಬರಿಯ ಎಷ್ಟನೇ ಪುಟದಲ್ಲಿ ಅತ್ತೆವು ಎಂಬುದನ್ನು ಪರಸ್ಪರ ತಿಳಿಸುವುದು ಅದರ ಘನ ಧ್ಯೇಯ. ಆ ವಾರ ಒಂದು ಸ್ಪರ್ಧೆ ಇಟ್ಟಿದ್ದರು. ಮನಸ್ಸು ಕಲಕಿದ ಸಾಲನ್ನು ನಿಮ್ಮದೇ ಫೋಟೊ ಮೇಲೆ ಬರೆದು ಸ್ಟೇಟಸ್ ಹಾಕಿ!

ಚನ್ನಗಿರಿಯ ಮನೆಯಲ್ಲಿ ಆ ಹೊತ್ತು ನಾನೊಬ್ಬಳೇ. ಗಂಡ ಮಂಜುನಾಥ ಅಡಿಕೆ ವ್ಯಾಪಾರಿ. ಫಸಲು ನೋಡಲು ಬೈಕ್ ಹತ್ತಿ ಉಬ್ರಾಣಿ ಕಡೆ ಹೋಗಿದ್ದರು. ಅಲ್ಲಿನ ತೋಟಗಳ ಒಳಗೆ ಹೊಕ್ಕರೆ ಫೋನ್ ಸಿಗುವುದಿಲ್ಲ. ನಾದಿನಿ ಸುಧಾ ರವಿಕೆ ತರಲು ದರ್ಜಿಯ ಅಂಗಡಿಗೆ ಹೋಗಿದ್ದಳು. ಭಾನುವಾರ ಅವಳ ನಿಶ್ಚಿತಾರ್ಥ, ಜಗಳೂರಿನಲ್ಲಿ, ಹುಡುಗನ ಮನೆಯಲ್ಲೇ. ಹುಡುಗನ ಅಜ್ಜಿಗೆ ಪ್ರಯಾಣ ಆಗದು ಎಂದು ಅಲ್ಲಿ ಇಟ್ಟುಕೊಂಡಿದ್ದರು. ಹುಡುಗ ಹೈಸ್ಕೂಲು ಮೇಷ್ಟ್ರು. ಸುಧಾ ಅವನ ಹೆಸರು ಕೇಳಿದರೆ ಸಾರಿಗೆ ಎರಡು ಸಲ ಉಪ್ಪು ಹಾಕುತ್ತಿದ್ದಳು. ಅಷ್ಟು ಇಷ್ಟ.

ಇನ್ನೂರ ಹನ್ನೆರಡನೇ ಪುಟದಲ್ಲಿ ನಾಯಕ ನಿಶಾಂತನ ಜೀಪು ಘಾಟಿಯಿಂದ ಹೊಳೆಗೆ ಬಿತ್ತು. ನಾಯಕಿ ಸಿಂಚನಾ ದಡದಲ್ಲಿ ಕುಸಿದಳು. ನಾನು ಮಂಚದಲ್ಲಿ ಕುಸಿದೆ. ಆಮೇಲೆ ಕಣ್ಣೊರೆಸಿಕೊಂಡು, ದೃಢಮನಸ್ಸಿನಿಂದ ಸ್ಟೇಟಸ್ ತಯಾರಿಸಿದೆ. "ಬೆಳಿಗ್ಗೆ ನಗುತ್ತಾ ಹೊರಟವರು, ಮಧ್ಯಾಹ್ನ ಇನ್ನಿಲ್ಲ. ಇನ್ನು ನನಗೆ ಯಾರು?" ನನ್ನದೇ ಫೋಟೊ ಎಂದರೆ ಮದುವೆ ವಾರ್ಷಿಕೋತ್ಸವದ್ದೇ ಚೆನ್ನಾಗಿರುವುದು. ಅದರಲ್ಲಿ ಗಂಡ ದೊಡ್ಡದಾಗಿ, ನಾನು ಮೂಲೆಯಲ್ಲಿ. ದುಃಖಕ್ಕೆ ಬಣ್ಣ ಹೊಂದುವುದಿಲ್ಲವೆಂದು ಕಪ್ಪು-ಬಿಳುಪು ಮಾಡಿದೆ. ಕೆಳಗೆ ಜಾಗ ಖಾಲಿ ಕಂಡಿತು. ಒಂದು ದೀಪದ ಚಿತ್ರ ಅಂಟಿಸಿದೆ.

ಬಹುಮಾನ ಖಂಡಿತ ಎನಿಸಿತು! ಉಳಿದ ಪುಟಗಳಿಗೆ ಯಾರೂ ಅಡ್ಡಿ ಮಾಡದಿರಲಿ ಎಂದು ಮೊಬೈಲ್ ಆರಿಸಿ, ಬಾಗಿಲಿಗೆ ಚಿಲಕ ಹಾಕಿ, ಮತ್ತೆ ಓದಲು ಕೂತೆ. ಸಾಲಿಗೊಮ್ಮೆ ಅಳು ಬಂದು ಪುಟ ಮುಂದೆ ಸರಿಯಲೇ ಇಲ್ಲ.

ಹೊನ್ನಾಳಿಯಲ್ಲಿರುವ ಗಿರಿಜಕ್ಕ, ಅಂದರೆ ನನ್ನ ಗಂಡನ ಅಕ್ಕ, ಮೂರೂ ಇಪ್ಪತ್ತಕ್ಕೆ ಆ ಸ್ಟೇಟಸ್ ನೋಡಿದಳಂತೆ. ನನಗೆ ಫೋನ್ ಮಾಡಿದಳು. ಸ್ವಿಚ್ ಆಫ್. ತಮ್ಮನಿಗೆ ಮಾಡಿದಳು. ನೀವು ಕರೆ ಮಾಡಿದ ಚಂದಾದಾರರು ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ ಎಂದು ಒಬ್ಬ ಹೆಂಗಸು ಖಚಿತವಾಗಿ ಹೇಳಿದಳು. ಅಕ್ಕನಿಗೆ ಬೇರೆ ಸಾಕ್ಷಿ ಬೇಕಾಗಲಿಲ್ಲ.

ಐದು ಗಂಟೆಗೆ ಯಾರೋ ಬಾಗಿಲು ಬಡಿದರು. ನಾನು ಕೆದರಿದ ಕೂದಲು, ಊದಿದ ಕಣ್ಣು ಹೊತ್ತು ಬಂದು ತೆಗೆದೆ. ಗಿರಿಜಕ್ಕ ನಿಂತಿದ್ದಳು. ಒಂದು ಕಾಲಲ್ಲಿ ತನ್ನ ಚಪ್ಪಲಿ, ಇನ್ನೊಂದರಲ್ಲಿ ಅವಳ ಗಂಡನದು. ಹಿಂದೆ ಅರ್ಧ ಓಣಿ.

"ಹಿಂಗಾತಲ್ಲೇ ನನ್ನವ್ವಾ!" ಎಂದು ಅಕ್ಕ ನನ್ನನ್ನು ತಬ್ಬಿಕೊಂಡಳು.

ಈ ಕಾದಂಬರಿ ಓದು ಎಂದು ತಿಂಗಳಿಂದ ಅಕ್ಕನ ಬೆನ್ನು ಹತ್ತಿದ್ದವಳು ನಾನು. ಕೊನೆಗೂ ಓದಿದಳಲ್ಲ ಎಂದು ಹೃದಯ ತುಂಬಿ ಬಂತು. "ಅಕ್ಕಾ, ಇಷ್ಟು ಬೇಗ ಹೋಗ್ತಾರೆ ಅಂತ ಅಂದ್ಕೊಂಡಿರ್ಲಿಲ್ಲ" ಎಂದೆ. ಇಬ್ಬರೂ ಜೋರಾಗಿ ಅತ್ತೆವು. ಓಣಿಯೂ ಅತ್ತಿತು. ಇಡೀ ಓಣಿಗೆ ಇಷ್ಟೊಂದು ಸಾಹಿತ್ಯಾಭಿರುಚಿ ಇರುವುದು ನನಗೆ ಗೊತ್ತೇ ಇರಲಿಲ್ಲ!

ಅಷ್ಟರಲ್ಲಿ ನ್ಯಾಮತಿಯಿಂದ ರುದ್ರಪ್ಪ ಮಾವ ಬಂದರು. ಇವರು ನನ್ನ ಗಂಡನ ಸೋದರಮಾವ. ನಮ್ಮ ಬಳಗದ ಯಾವ ಸಾವೂ ಅವರ ಉಸ್ತುವಾರಿ ಇಲ್ಲದೆ ನಡೆಯದು. ಗೂಡ್ಸ್ ಗಾಡಿಯಲ್ಲಿ ಭಜನೆ ಮೇಳ, ಹಾರ್ಮೋನಿಯಂ, ತಬಲಾ, ಆಳೆತ್ತರದ ಹಾರ, ಎಲ್ಲ ತಂದಿದ್ದರು. ಶಾಮಿಯಾನದವರಿಗೆ ದಾರಿಯಿಂದಲೇ ಫೋನ್ ಹೋಗಿತ್ತು. ಕಂಬಗಳು ಆಗಲೇ ಇಳಿಯುತ್ತಿದ್ದವು.

ನಮ್ಮ ಕಡೆ ತೀರಿಹೋದವರನ್ನು ಮಲಗಿಸುವುದಿಲ್ಲ. ಗೋಡೆಗೆ ಒರಗಿಸಿ, ವಿಭೂತಿ ಹಚ್ಚಿ, ಕೂರಿಸುತ್ತೇವೆ. ಮಾವ ಒಳಗೆ ಇಣುಕಿ ನೋಡಿ ಗಂಭೀರವಾಗಿ ಕೇಳಿದರು.

"ಎಲ್ಲಿ ಕೂರ್ಸೀರವ್ವಾ ಮಂಜನ್ನ?"

"ಯಾರೂ ಕೂರ್ಸಿಲ್ಲ ಮಾವ. ಅವರಾಗೇ ಬೈಕ್ ಮೇಲೆ ಕೂತ್ಕೊಂಡು ಉಬ್ರಾಣಿಗೆ ಹೋದ್ರು."

ಓಣಿಯ ಅಳು ಗಕ್ಕನೆ ನಿಂತಿತು. ನನ್ನ ತಲೆಯಲ್ಲಿ ಹಾರ, ಹಾರ್ಮೋನಿಯಂ, ಶಾಮಿಯಾನ ಒಂದೊಂದಾಗಿ ಸಾಲುಗೂಡಿದವು. "ಅವರು ಸತ್ತಿಲ್ಲ! ಬದುಕಿದಾರೆ! ಸತ್ತಿದ್ದು ನಿಶಾಂತ!" ಎಂದು ಕಿರುಚಿದೆ.

ಮಾವ ಹಾರವನ್ನು ಕುರ್ಚಿಗೆ ಹಾಕಿ ನಿಟ್ಟುಸಿರಿಟ್ಟರು. "ಪಾಪ, ತಲಿಗೆ ಹತ್ತೈತೆ. ನೀರು ಕುಡಿಸ್ರಿ, ಗಾಳಿ ಬಿಡ್ರಿ."

"ಮಾವ, ದೇವರಾಣೆ ಬದುಕಿದಾರೆ!"

"ಹೌದವ್ವಾ, ನಮ್ಮೆಲ್ಲರ ಮನಸ್ನಾಗೆ ಬದುಕವ್ನೆ."

ನಾನು ಸತ್ಯ ಹೇಳಿದಷ್ಟೂ ಜನ ಜೋರಾಗಿ ಅತ್ತರು. ನಾಲ್ವರು ಹೆಂಗಸರು ನನ್ನ ರಟ್ಟೆ ಹಿಡಿದು ಕೂರಿಸಿದರು. ಮೊಬೈಲ್ ಮಂಚದ ಮೇಲಿತ್ತು. ಅದನ್ನು ತರಲು ಕೂಡ ಬಿಡಲಿಲ್ಲ. ಅಂಗಳದಲ್ಲಿ ಶ್ರುತಿ ಮಾಡಲು ತಬಲಾಗೆ ಸುತ್ತಿಗೆ ಏಟು ಬೀಳತೊಡಗಿತು.

ಆರು ಗಂಟೆಗೆ ಗಂಡ ಬಂದರು. ಮನೆ ಮುಂದೆ ಶಾಮಿಯಾನ, ಭಜನೆ ಮೇಳ! ನಾನೋ ಸುಧಾಳೋ ಹೋಗಿದ್ದೇವೆಂದು ತಿಳಿದು, ಬೈಕನ್ನು ಚಲಿಸುತ್ತಿದ್ದಂತೆಯೇ ಬಿಟ್ಟು, "ಯಾರಿಗೆ ಏನಾತು?" ಎಂದು ಕೂಗುತ್ತಾ ಓಡಿ ಬಂದರು. ಜಗಲಿಯ ಅಂಚಿನಲ್ಲಿದ್ದ ಗಿರಿಜಕ್ಕ ತಿರುಗಿ ನೋಡಿದಳು. ಬಾಯಿ ತೆರೆಯಿತು. ಹಾಗೇ ಹಿಂದಕ್ಕೆ ಬಿದ್ದಳು.

ಇದೊಂದನ್ನು ಮಾತ್ರ ನಾನು ಇವತ್ತಿಗೂ ನಗುತ್ತಾ ಹೇಳಲಾರೆ. ಜಗಲಿಯ ಕೆಳಗೆ ಕಲ್ಲಿನ ಮೆಟ್ಟಿಲು. ಅಕ್ಕನ ತಲೆಗೂ ಆ ಕಲ್ಲಿನ ಮೂಲೆಗೂ ನಡುವೆ ಒಂದು ಗೇಣು ಇದ್ದಿರಬಹುದು. ತಬಲಾ ತಂದ ಬಟ್ಟೆಗಂಟು ಅಲ್ಲಿ ಬಿದ್ದಿತ್ತು. ತಲೆ ಅದರ ಮೇಲೆ ಬಿತ್ತು. ಆ ಗಂಟನ್ನು ಅಲ್ಲಿ ಯಾರು ಇಟ್ಟರೋ ಗೊತ್ತಿಲ್ಲ, ನಾನಂತೂ ಇಟ್ಟಿರಲಿಲ್ಲ. ನಾನು ಅಲ್ಲಿ ಇಟ್ಟಿದ್ದು ಅಕ್ಕನನ್ನು.

ನೀರು ಚಿಮುಕಿಸಿದ ಮೇಲೆ ಅಕ್ಕ ಕಣ್ಣು ಬಿಟ್ಟಳು. ತಮ್ಮನ ಮುಖ ಮುಟ್ಟಿದಳು, ಕಿವಿ ಹಿಂಡಿದಳು, ಆಮೇಲೆ ಕೆನ್ನೆಗೊಂದು ಬಿಟ್ಟಳು. "ಫೋನ್ ಎತ್ತಾಕೆ ಏನಾಗಿತ್ತೋ ನಿಂಗೆ?"

ಬಂದ ಮೇಳವನ್ನು ಸುಮ್ಮನೆ ಕಳಿಸಬಾರದೆಂದು ಮಾವ ಎರಡು ಭಜನೆ ಹಾಡಿಸಿದರು. ಸ್ವರ್ಗಸ್ಥರು ಮುಂದಿನ ಸಾಲಿನಲ್ಲಿ ಕೂತು ಮಂಡಕ್ಕಿ ಮೆಣಸಿನಕಾಯಿ ತಿಂದರು. ಸುಧಾ ರವಿಕೆ ಹಿಡಿದು ಬಂದವಳು, ವಿಷಯ ತಿಳಿದು ಬಿದ್ದೂ ಬಿದ್ದೂ ನಕ್ಕಳು. ನಗುತ್ತಿರುವಾಗಲೇ ಅವಳ ಫೋನ್ ಬಡಿಯಿತು. ಜಗಳೂರಿನಿಂದ. ಅವಳ ನಗು ನಿಂತಿತು.

"ಅವರಜ್ಜಿ ಸ್ಟೇಟಸ್ ಸುದ್ದಿ ಕೇಳಿ ತಣ್ಣೀರಾಗೆ ಸ್ನಾನ ಮಾಡ್ಯಾರಂತೆ. ಸಾವಿನ ಸುದ್ದಿ ಬಂದ ಸಂಬಂಧ ಬ್ಯಾಡ ಅಂತಾರಂತೆ." ಸುಧಾ ನನ್ನನ್ನು ಒಂದು ಸಲ ನೋಡಿದಳು. "ಸುಳ್ಳು ಸುದ್ದಿ ಅಂದ್ರೂ ಕೇಳ್ತಿಲ್ಲಂತೆ ಅತ್ತಿಗೆ" ಎಂದು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಕಣ್ಣು ಮುಚ್ಚಿದರೆ ಆ ಕಲ್ಲು. ತೆರೆದರೆ ಸುಧಾಳ ಕೋಣೆಯ ಬಾಗಿಲು. ಬೆಳಗಾಗುವಷ್ಟರಲ್ಲಿ ತೀರ್ಮಾನ ಮಾಡಿದ್ದೆ. ಕೆಡಿಸಿದವಳು ನಾನು, ನೆಟ್ಟಗೆ ಮಾಡುವವಳೂ ನಾನೇ!

ಶನಿವಾರ ಮೊದಲ ಬಸ್ಸಿಗೆ ಗಂಡನನ್ನು ಹೊರಡಿಸಿದೆ.

"ನಾನ್ಯಾಕೆ?" ಎಂದರು.

"ನೀವೇ ಸಾಕ್ಷಿ. ಸುಮ್ನೆ ಉಸಿರಾಡ್ತಾ ಕೂತ್ಕೊಳ್ಳಿ, ಸಾಕು."

ಕಾದಂಬರಿಯನ್ನೂ ಚೀಲಕ್ಕೆ ಹಾಕಿಕೊಂಡೆ. ಅಪರಾಧಕ್ಕೆ ಬಳಸಿದ ಆಯುಧವನ್ನು ಹಾಜರುಪಡಿಸಬೇಕಲ್ಲ.

ಜಗಳೂರಿನಲ್ಲಿ ಹುಡುಗನ ಅಜ್ಜಿ ಗೌರಜ್ಜಿ ಮಂಚದ ಮೇಲೆ ಶಾಲು ಹೊದ್ದು ಕೂತಿದ್ದರು. ತಣ್ಣೀರಿನ ಸ್ನಾನದಿಂದ ಮೂಗು ಕೆಂಪಾಗಿತ್ತು. ನನ್ನ ಗಂಡನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ಬದುಕೀಯೇನಪ್ಪಾ?"

"ಹೂಂ ಅಜ್ಜಿ."

"ಸಂತೋಷ. ಚಾ ಕುಡಿ." ನನ್ನ ಕಡೆ ತಿರುಗಿದರು. "ಸತ್ತ ಸುದ್ದಿ ಸುಳ್ಳಾದ್ರೆ ಆಯಸ್ಸು ಹೆಚ್ಚುತೈತೆ, ಗೊತ್ತೈತೆ ನಂಗೆ. ಅವನ ಚಿಂತೆ ನಂಗಿಲ್ಲ. ಗಂಡನ ಫೋಟಕ್ಕೆ ದೀಪ ಹಚ್ಚೋ ಮನಿಯಿಂದ ಹೆಣ್ಣು ತರಾಕೆ ನಂಗೆ ಧೈರ್ಯ ಇಲ್ಲವ್ವಾ. ಅಂಥಾದ್ದೇನೈತೆ ಆ ಪುಸ್ತಕದಾಗೆ?"

"ಓದಿದ್ರೆ ನಿಮಗೂ ಅಳು ಬರುತ್ತೆ ಅಜ್ಜಿ."

"ಹಂಗಾರೆ ಓದು. ನಂಗೂ ಅಳು ಬಂದ್ರೆ ನಿನ್ ತಪ್ಪಿಲ್ಲ, ನಾಳೆ ಕಾರ್ಯ ನಡೀಲಿ. ಬರ್ಲಿಲ್ಲ ಅಂದ್ರೆ ಊಟ ಮಾಡ್ಕಂಡು ಹೋಗ್ರಿ."

ಅಂದರೆ ನನ್ನ ನಾದಿನಿಯ ಬದುಕು ಎಂಬತ್ತು ದಾಟಿದ ಎರಡು ಕಣ್ಣುಗಳಲ್ಲಿ ನೀರು ತರಿಸುವುದರ ಮೇಲೆ ನಿಂತಿತು! ಹುಡುಗ ಬಾಗಿಲ ಬಳಿ ನಿಂತು ಕೈ ಮುಗಿದ. ನನಗೋ, ಕಾದಂಬರಿಗೋ ತಿಳಿಯಲಿಲ್ಲ.

ಮೊದಲ ಭೇಟಿಯನ್ನು ಧ್ವನಿಯ ಏರಿಳಿತಗಳೊಂದಿಗೆ ಓದಿದೆ. ಮಳೆಯಲ್ಲಿ ಒಂದೇ ಕೊಡೆ.

"ಇನ್ನೊಂದು ಕೊಡೆ ತರಾಕೆ ಏನಾಗಿತ್ತು ಅವಳಿಗೆ?"

ಮುನಿಸು ಓದಿದೆ. ಅವನು ಅವಳ ಹುಟ್ಟುಹಬ್ಬ ಮರೆತದ್ದಕ್ಕೆ ಹದಿನಾಲ್ಕು ಪುಟ ಮೌನ.

"ಮನ್ಯಾಗೆ ಕೆಲ್ಸ ಇಲ್ಲೇನು ಇವ್ರಿಗೆ?"

ಇನ್ನೂರ ಹನ್ನೆರಡಕ್ಕೆ ಬಂದೆ. ಕಾಲೇಜಿನ ನಾಟಕದಲ್ಲಿ ಕಲಿತದ್ದನ್ನೆಲ್ಲ ಬಳಸಿದೆ. ಜೀಪು ಬಿತ್ತು, ಹೆಣ ಸಿಗಲಿಲ್ಲ, ಸಿಂಚನಾ ಕುಸಿದಳು, ನನ್ನ ದನಿ ಬಿರಿಯಿತು. ಗಂಡ ಕರವಸ್ತ್ರ ತೆಗೆದರು. ಅಜ್ಜಿ ಮುಖದಲ್ಲಿ ನಗು!

"ಹೆಣ ಸಿಕ್ಕಿಲ್ಲ ಅಂದಿ. ಅಂದ್ಮೇಲೆ ಅವ್ನು ಸತ್ತಿಲ್ಲ ಬಿಡು. ಕೊನಿಗೆ ಬರ್ತಾನೆ ನೋಡು."

ಬೆಳಿಗ್ಗೆ ಬಸ್ಸಿನಲ್ಲಿ ಓದಿಯಷ್ಟೇ ನನಗೆ ತಿಳಿದಿದ್ದ, ನಲವತ್ತೆಂಟು ಪುಟ ಮುಂದಿನ ರಹಸ್ಯವನ್ನು ಅಜ್ಜಿ ಕೂತಲ್ಲೇ ಬಿಡಿಸಿದ್ದರು. ನಾನು ಅದು ತಿಳಿಯದೆ ಗಂಡನ ಫೋಟೊಗೆ ದೀಪ ಹಚ್ಚಿದ್ದೆ. ಹೇಗಾದರೂ ಅಂತ್ಯ ಮುಟ್ಟಬೇಕೆಂದು ಒಂದಷ್ಟು ಹಾಳೆಗಳನ್ನು ಒಟ್ಟಿಗೆ ಮಗುಚಿದೆ.

"ಯಾಕೆ ಹಾರಿಸ್ತೀ?"

"ಅದ್ರಲ್ಲಿ ಅವನ ತಾಯಿ ಬರ್ತಾಳೆ ಅಷ್ಟೇ ಅಜ್ಜಿ. ಪ್ರೀತಿ ಗೀತಿ ಏನಿಲ್ಲ. ನಾನೂ ಓದಿಲ್ಲ."

"ಓದು."

ಆರು ಪುಟ. ಸುದ್ದಿ ಬಂದ ದಿನದಿಂದ ತಾಯಿ ಹಿತ್ತಲ ಬಾಗಿಲಿಗೆ ಚಿಲಕ ಹಾಕುವುದಿಲ್ಲ. ಮಗ ಸಣ್ಣವನಿದ್ದಾಗ ತಡವಾದರೆ ಆ ಕಡೆಯಿಂದಲೇ ಕಳ್ಳಹೆಜ್ಜೆ ಇಟ್ಟು ಬರುತ್ತಿದ್ದ. ದಿನಾ ಎರಡು ರೊಟ್ಟಿ ಮುಚ್ಚಿಡುತ್ತಾಳೆ. ಬೆಳಿಗ್ಗೆ ಅವನ್ನು ತಾನೇ ತಿನ್ನುತ್ತಾಳೆ. ಯಾರೂ ನೋಡಬಾರದೆಂದು, ಬೇಗ ಬೇಗ.

ನಾನು ಯಾವ ಏರಿಳಿತವನ್ನೂ ಮಾಡಲಿಲ್ಲ. ಮಾಡಲು ಆಗಲಿಲ್ಲ. ಕಣ್ಣ ಮುಂದೆ ಬಂದದ್ದು ಗಿರಿಜಕ್ಕನ ಕಾಲು. ತಾಯಿ ಹೋದ ಮೇಲೆ ತಮ್ಮನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಅವಳು. ಹೊನ್ನಾಳಿಯಿಂದ ಚನ್ನಗಿರಿಯವರೆಗೆ ಅಷ್ಟೂ ದಾರಿ ಅವನು ಸತ್ತಿದ್ದಾನೆಂದೇ ನಂಬಿ ಬಂದಿದ್ದಳು, ಬೇರೆ ಬೇರೆ ಚಪ್ಪಲಿಯಲ್ಲಿ. ನಾನು ಆ ಚಪ್ಪಲಿ ನೋಡಿಯೂ ಕಾದಂಬರಿಯ ಬಗ್ಗೆ ಮಾತಾಡಿದ್ದೆ. ಸಾಲು ಮಂಜಾಯಿತು. ಓದು ನಿಂತಿತು.

ತಲೆ ಎತ್ತಿದರೆ ಅಜ್ಜಿ ಸೆರಗಿನಿಂದ ಕಣ್ಣು ಒತ್ತಿಕೊಳ್ಳುತ್ತಿದ್ದರು.

"ಅಜ್ಜಿ! ಅತ್ರಿ!" ಎಂದ ಮೊಮ್ಮಗ.

"ನೆಗಡಿ ಕಣೋ!"

"ನೆಗಡಿ ಮೂಗಿನಾಗೆ ಬರ್ತೈತೆ ಅಜ್ಜಿ, ಕಣ್ಣಾಗಲ್ಲ."

ಮೇಷ್ಟ್ರ ಮುಂದೆ ವಾದ ನಡೆಯಲಿಲ್ಲ. ಅಜ್ಜಿ ಮೂಗು ಒರೆಸಿಕೊಂಡು, "ಬದುಕಿದ್ದೋನು ಆ ತಾಯಿಗೆ ಒಂದು ಫೋನ್ ಮಾಡ್ಲಿಲ್ಲ ನೋಡು, ಬಾಡಕೋ" ಎಂದು ನಿಶಾಂತನನ್ನು ಬೈದರು. ಆಮೇಲೆ ನನ್ನನ್ನು ನೋಡಿ, "ನೀನೂ ಅಷ್ಟೇ. ಫೋನ್ ಆರ್ಸಿ ಕೂತಿದ್ಯಂತೆ. ಹೋಗು, ಹುಡುಗೀನ ಕರ್ಕಂಡು ಬಾ. ಹೊನ್ನಾಳಿಯಾಕೀನೂ ಬರ್ಲಿ, ನಾನು ಮಾತಾಡ್ಸಬೇಕು. ಪುಸ್ತಕ ಇಲ್ಲಿಟ್ಟು ಹೋಗು" ಎಂದರು.

ಭಾನುವಾರ ನಿಶ್ಚಿತಾರ್ಥ ನಡೆಯಿತು. ಸುಧಾ ನನ್ನ ಕಾಲಿಗೆ ಬೀಳುವಾಗ ಮೆಲ್ಲಗೆ ಚಿವುಟಿದಳು. ಕ್ಷಮಿಸಿದ್ದಾಳೆ ಎಂದು ತಿಳಿದೆ. ರುದ್ರಪ್ಪ ಮಾವ ಶುಭಕಾರ್ಯಕ್ಕೆ ಏನು ತರಬೇಕೆಂದು ತಿಳಿಯದೆ ಬರಿಗೈಯಲ್ಲಿ ಬಂದು, ಮೂಲೆಯಲ್ಲಿ ಕೂತು ಬೇಜಾರು ಮಾಡಿಕೊಂಡರು. ಗಿರಿಜಕ್ಕ ನನಗೆ ಹೋಳಿಗೆ ಬಡಿಸುತ್ತಾ, "ಸಾಕೇನೇ ಕೊಲೆಗಾರ್ತಿ?" ಎಂದಳು. "ಅಕ್ಕಾ, ತಪ್ಪಾಯ್ತು" ಎಂದೆ, ಈ ಸಲ ಕಾದಂಬರಿಯ ಯಾವ ಸಾಲನ್ನೂ ಸೇರಿಸದೆ. ಅಕ್ಕ ತುಪ್ಪ ಜಾಸ್ತಿ ಹಾಕಿದಳು.

ತಡವಾಯಿತೆಂದು ಬೀಗರು ನಮ್ಮನ್ನು ಅಲ್ಲೇ ಉಳಿಸಿಕೊಂಡರು. ನಡುಮನೆಯಲ್ಲಿ ಹೆಂಗಸರಿಗೆಲ್ಲ ಸಾಲಾಗಿ ಹಾಸಿದರು. ಪಕ್ಕದಲ್ಲಿ ಅಕ್ಕ, ಅವಳ ತಲೆಯ ಕೆಳಗೆ ಮೆತ್ತನೆಯ ದಿಂಬು. ಅದನ್ನು ನೋಡುತ್ತಾ ಮಲಗಿದೆ. ಕಲ್ಲು ಕಣ್ಣ ಮುಂದೆ ಬರಲಿಲ್ಲ. ಸೋಮವಾರ ಬೆಳಿಗ್ಗೆ ಕಣ್ಣು ಬಿಟ್ಟಾಗ ಬಿಸಿಲು ಏರಿತ್ತು, ನಡುಮನೆಯಲ್ಲಿ ನನ್ನ ಹಾಸಿಗೆ ಒಂದೇ ಉಳಿದಿತ್ತು.

"ಉಳಿದೋರೆಲ್ಲ ಬೇಗ ಎದ್ರಾ ಅಕ್ಕಾ?"

"ಮಲಗಿದ್ರೆ ಅಲ್ಲವೇನೇ ಏಳಾಕೆ? ನಿನ್ ಗೊರಕೆಗೆ ಹೆದರಿ ಎಲ್ರೂ ಹಾಸಿಗೆ ಎತ್ಕಂಡು ಮಾಳಿಗೆಗೆ ಹೋದ್ವಿ. ಅಜ್ಜಿನೂ ಬಂದ್ರು, ಇಬ್ರು ಹಿಡ್ಕಂಡು ಹತ್ಸಿದ್ರು."

ಸಿಂಚನಾಳ ನಿಟ್ಟುಸಿರಿನ ಬಗ್ಗೆ ಯಾರೋ ಮುನ್ನೂರು ಪುಟ ಬರೆದಿದ್ದಾರೆ. ನನ್ನ ಗೊರಕೆಯ ಬಗ್ಗೆ ಬರೆಯಲು ನಾನೇ ಕೂರಬೇಕಾಯಿತು!